ಮಳೆಗೆ ಲೆಕ್ಕವಿದೆ, ಕೆಮ್ಮಿಗೆ ಇಲ್ಲ: ಪರಿಸರ ಮತ್ತು ಆರೋಗ್ಯದ ಸಮ್ಮೇಳನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಹೇಳುವವನು. ಬೆಳೆದದ್ದು ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ. ಅಪ್ಪ ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ಪರಿಸರದಿಂದ ಮನುಷ್ಯರ ಆರೋಗ್ಯಕ್ಕೆ ಒದಗುವ ಅಪಾಯಗಳ ಕುರಿತ ಅಂತರರಾಷ್ಟ್ರೀಯ ವಿಜ್ಞಾನ ಸಮ್ಮೇಳನವೊಂದಕ್ಕೆ ಹೋಗಿ ಬಂದ ಮೇಲೆ ವಿದ್ಯಾರ್ಥಿಗಳು, ನೆಂಟರು, ಬಸ್ಸಿನಲ್ಲಿ ಸಿಕ್ಕವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ನನ್ನ ಗಂಟಲಿಗಾದರೂ ಬಿಡುವು ಸಿಗುತ್ತದೆ. ಊಟ ಹೇಗಿತ್ತು ಎಂಬುದಕ್ಕೆ ಇಲ್ಲೇ ಉತ್ತರ: ಸಪ್ಪೆ.

ಅಲ್ಲಿ ನಿಜವಾಗಿ ಏನು ನಡೆಯುತ್ತದೆ? ನಿರ್ಣಯ ಗಿರ್ಣಯ ಮಾಡುತ್ತಾರೆಯೇ?

ಇಲ್ಲ. ಜನ ಮೂರು ಬೇರೆ ಬೇರೆ ಸಭೆಗಳನ್ನು ಒಂದೇ ಎಂದುಕೊಳ್ಳುತ್ತಾರೆ. ಮೊದಲನೆಯದು ವಿಜ್ಞಾನಿಗಳದು. ತಾವು ಅಳೆದದ್ದನ್ನು, ಎಣಿಸಿದ್ದನ್ನು ಅಲ್ಲಿ ಇನ್ನೊಬ್ಬರ ಮುಂದಿಟ್ಟು ಬೈಸಿಕೊಳ್ಳುತ್ತಾರೆ. 1987ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಪರಿಸರ ಸಾಂಕ್ರಾಮಿಕಶಾಸ್ತ್ರ (ರೋಗ ಯಾರಿಗೆ, ಏಕೆ ಬರುತ್ತದೆ ಎಂದು ಲೆಕ್ಕ ಹಾಕುವ ಶಾಸ್ತ್ರ) ಸಂಘ ಇಂಥ ಸಮ್ಮೇಳನವನ್ನು ವರ್ಷಕ್ಕೊಂದು ಊರಿನಲ್ಲಿ ನಡೆಸುತ್ತದೆ. ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆ ಕರೆಯುವ ಸಭೆ. ವಾಯುಮಾಲಿನ್ಯ ಮತ್ತು ಆರೋಗ್ಯದ ಮೊದಲ ಜಾಗತಿಕ ಸಮ್ಮೇಳನವನ್ನು ಅದು 2018ರಲ್ಲಿ ಜಿನೀವಾದಲ್ಲಿ ನಡೆಸಿತು. ಅದೇ ಸಮ್ಮೇಳನದ ಎರಡನೆಯ ಸುತ್ತು 2025ರಲ್ಲಿ ಕೊಲಂಬಿಯಾದ ಕಾರ್ಟಹೇನಾದಲ್ಲಿ ನಡೆಯಿತು. ಅಲ್ಲಿಗೆ ಮಂತ್ರಿಗಳೂ ಬರುತ್ತಾರೆ, ಭರವಸೆಗಳೂ ಬರುತ್ತವೆ. ಮೂರನೆಯದು ಒಪ್ಪಂದಗಳ ಸಭೆ. ಯಾವ ವಿಷವನ್ನು ಜಗತ್ತಿನಲ್ಲಿ ನಿಲ್ಲಿಸಬೇಕು ಎಂದು ಸರ್ಕಾರಗಳು ತೀರ್ಮಾನಿಸುವುದು ಅಲ್ಲಿ.

ನಾನು ಹೋಗಿದ್ದು ಮೊದಲನೆಯ ಬಗೆಯದಕ್ಕೆ. ಅಲ್ಲಿ ಕೈಯೆತ್ತಿ ಮತ ಹಾಕುವುದಿಲ್ಲ. "ನಿಮ್ಮ ಲೆಕ್ಕ ಎಲ್ಲಿ?" ಎಂದು ಕೇಳುತ್ತಾರೆ, ಅಷ್ಟೇ. ಆದರೆ ಮೂರನೆಯ ಸಭೆಯ ಮೇಜಿಗೆ ಹೋಗುವ ಕಾಗದ ಹತ್ತಿಪ್ಪತ್ತು ವರ್ಷ ಮೊದಲು ಇಂಥ ಕಡೆಯೇ ಹುಟ್ಟಿರುತ್ತದೆ.

ನೀವು ಏನು ತೆಗೆದುಕೊಂಡು ಹೋಗಿದ್ದಿರಿ?

ಒಂದು ಪೋಸ್ಟರ್. ಒಂದು ಬಾಗಿಲಿನ ಅರ್ಧದಷ್ಟು ದೊಡ್ಡ ಕಾಗದ, ಅದನ್ನು ಸುರುಳಿ ಸುತ್ತಿ ಇಡಲು ಉದ್ದನೆಯ ಕಪ್ಪು ಕೊಳವೆ. ಸಕಲೇಶಪುರದ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಅದನ್ನೇ ನೋಡಿ ನೋಡಿ, ಕೊನೆಗೆ ದನಿ ತಗ್ಗಿಸಿ, "ಕೋವಿಗೆ ಲೈಸೆನ್ಸ್ ಮಾಡಿಸಿದ್ದೀರಲ್ಲ ಸ್ವಾಮಿ?" ಎಂದು ಕೇಳಿದರು.

ಪೋಸ್ಟರಿನಲ್ಲಿ ದೊಡ್ಡ ಶೋಧವೇನೂ ಇರಲಿಲ್ಲ. ತೋಟಗಳಲ್ಲಿ ಔಷಧಿ ಹೊಡೆಯುವವರ ಲೆಕ್ಕವನ್ನು ರೈಟರ್ ಒಬ್ಬರು ದಿನಕ್ಕೆ ಎರಡು ನಿಮಿಷದಲ್ಲಿ ಬರೆದಿಡಬಹುದಾದ ಒಂದು ಪುಟದ ನಮೂನೆ, ಅಷ್ಟೇ. ಅದು ಹುಟ್ಟಿದ್ದು ಅಪ್ಪನ ಮಳೆ ಪುಸ್ತಕದಿಂದ. ಕಾಫಿ ತೋಟದವರಿಗೆ ಮಳೆಯ ಲೆಕ್ಕ ಎಂದರೆ ಜಾತಕವಿದ್ದ ಹಾಗೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಇಂಚು–ಸೆಂಟ್ಸ್ (ಇಂಚಿನ ನೂರನೆಯ ಪಾಲು) ಲೆಕ್ಕದಲ್ಲಿ ಬರೆಯುತ್ತಾರೆ. ಸರ್ಕಾರ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು, ತೋಟ ಹೋಗಿಲ್ಲ. ಅಪ್ಪ ಇಟ್ಟ ಪುಸ್ತಕಗಳಲ್ಲಿ ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವ ದಿನ ಬಿತ್ತು, ಎಷ್ಟು ಸೆಂಟ್ಸ್, ಎಲ್ಲವೂ ಸಿಗುತ್ತದೆ. ಆಳುಗಳ ಹಾಜರಿ ಚೆಕ್‌ರೋಲಿನಲ್ಲಿದೆ. ಮೈಲುತುತ್ತದ (ತಾಮ್ರದ ಸಲ್ಫೇಟ್) ಮೂಟೆ ಎಷ್ಟು ಬಂತು ಎಂಬುದು ಸ್ಟಾಕ್ ಪುಸ್ತಕದಲ್ಲಿದೆ. ಆ ಮೂಟೆಯನ್ನು ಕಲಸಿ, ಹೊತ್ತು, ಹೊಡೆದವನು ಯಾರು, ಎಷ್ಟು ವರ್ಷ ಹೊಡೆದ, ಆಮೇಲೆ ಅವನ ಉಸಿರು ಹೇಗಿತ್ತು? ಅದಕ್ಕೆ ಯಾವ ಪುಸ್ತಕವೂ ಇಲ್ಲ.

ಮೈಲುತುತ್ತ ಹಳೆಯ ಕಾಲದ ಔಷಧಿ, ಅದರಿಂದ ಏನಾಗುತ್ತದೆ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದೇ. ಕೇಳುವ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ.

ಮೈಲುತುತ್ತ, ಸುಣ್ಣ, ನೀರು ಕಲಸಿದ ಬೋರ್ಡೋ ದ್ರಾವಣ ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ದಾರಿಹೋಕರು ಹಣ್ಣು ಕದಿಯದಿರಲಿ ಎಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ–ಸುಣ್ಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ಬೂಷ್ಟು ರೋಗ ಬರುವುದಿಲ್ಲ ಎಂಬುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ಗಮನಿಸಿ, 1885ರಲ್ಲಿ ಪ್ರಕಟಿಸಿದ. ಕಳ್ಳರಿಗೆಂದು ಮಾಡಿದ್ದು ನಮ್ಮಲ್ಲಿ ಕಾಫಿಯ ಎಲೆತುಕ್ಕಿಗೆ, ಮೆಣಸಿನ ಸೊರಗಿಗೆ, ಅಡಿಕೆಯ ಕೊಳೆಗೆ ಬಂತು. ಶೇಕಡಾ 1ರ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಹದ ಸರಿಯಾಯಿತೇ ಎಂದು ನೋಡಲು ಮೇಸ್ತ್ರಿ ಹೊಳೆಯುವ ಚಾಕುವನ್ನು ಡ್ರಮ್ಮಿಗೆ ಅದ್ದಿ ಒಂದಷ್ಟು ಹೊತ್ತು ಬಿಟ್ಟು ತೆಗೆಯುತ್ತಾನೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕು, ಇಲ್ಲದಿದ್ದರೆ ಎಲೆ ಸುಡುತ್ತದೆ. ಚಿಕ್ಕಂದಿನಲ್ಲಿ ಈ ಚಾಕುವನ್ನು ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಎಲೆ ಸುಡದಂತೆ ನೋಡಿಕೊಳ್ಳಲು ಪರೀಕ್ಷೆ ಇತ್ತು. ಶ್ವಾಸಕೋಶಕ್ಕೆ ಇರಲಿಲ್ಲ ಎಂದು ಹೊಳೆಯಲು ನನಗೆ ನಲವತ್ತು ವರ್ಷ ಬೇಕಾಯಿತು.

ಪೋರ್ಚುಗಲ್ಲಿನ ಇಬ್ಬರು ವೈದ್ಯರು 1969ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಬೋರ್ಡೋ ದ್ರಾವಣ ಸಿಂಪಡಿಸಿದವರ ಶ್ವಾಸಕೋಶದಲ್ಲಿ ಗಂಟುಗಳು, ಕಲೆಗಳು, ಅವುಗಳೊಳಗೆ ತಾಮ್ರ. ಆ ರೋಗಕ್ಕೆ ಅವರು ಇಟ್ಟ ಹೆಸರು ದ್ರಾಕ್ಷಿತೋಟದ ಸಿಂಪಡಕರ ಶ್ವಾಸಕೋಶ. ನನ್ನ ಪೋಸ್ಟರಿನ ಮುಂದೆ ನಿಂತಿದ್ದ ಹೆಂಗಸೊಬ್ಬರಿಗೆ ಇದೆಲ್ಲ ಬಾಯಿಪಾಠವಾಗಿತ್ತು. "ನಿಮ್ಮ ಕಡೆ ಎಷ್ಟು ವರ್ಷದ ಸಿಂಪಡಣೆ ದಾಖಲೆ ಸಿಗುತ್ತದೆ?" ಎಂದು ಕೇಳಿದರು. ಒಂದು ದಿನದ್ದೂ ಸಿಗುವುದಿಲ್ಲ, ಆದರೆ ಮಳೆಯದು ಬೇಕಾದಷ್ಟು ವರ್ಷದ್ದಿದೆ ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನಕ್ಕರು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಗಮನಿಸಿ: ನಮ್ಮ ತೋಟಗಳಲ್ಲಿ ಆ ರೋಗ ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎಂದು ಎದೆ ತಟ್ಟಿ ಹೇಳುವವರ ಬಳಿಯೂ ಕಾಗದವಿಲ್ಲ. ಅಷ್ಟರವರೆಗೆ ಮೂಗಿಗೆ ಬಟ್ಟೆ ಕಟ್ಟುವುದರ ಬದಲು ಸರಿಯಾದ ಮಾಸ್ಕ್ ಕೊಡಿಸುವುದು, ಗಾಳಿಗೆ ಎದುರಾಗಿ ನಿಂತು ಹೊಡೆಯದಿರುವುದು ದುಬಾರಿಯೇನಲ್ಲ.

ಉಳಿದ ಔಷಧಿಗಳು?

ಡಬ್ಬಿಯ ಮೇಲಿನ ತ್ರಿಕೋನ ನೋಡಿ. ಕೆಂಪು ಅತ್ಯಂತ ವಿಷಕಾರಿ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಕುಡಿಯಬಹುದು ಎಂದಲ್ಲ. ಕಳೆಗೆ ಹೊಡೆಯುವ ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಪ್ರತಿವಿಷವೇ ಇಲ್ಲ. ನಾವು ಇದನ್ನೆಲ್ಲ ಔಷಧಿ ಎಂದೇ ಕರೆಯುತ್ತೇವೆ, ಹಾಗಾಗಿ ಮನೆಯ ಮಾಡಿನಲ್ಲಿ ಕೆಮ್ಮಿನ ಔಷಧಿಯ ಪಕ್ಕದಲ್ಲೇ ಇಡುವವರೂ ಇದ್ದಾರೆ. ದಯವಿಟ್ಟು ಬೇಡ. ಖಾಲಿ ಡಬ್ಬಿಯನ್ನು ನೀರಿನ ಚೊಂಬು ಮಾಡಿಕೊಳ್ಳುವುದೂ ಬೇಡ.

ಕಾಫಿ ಕುಡಿದರೆ ಕ್ಯಾನ್ಸರ್ ಬರುತ್ತದೆ ಎಂದು ಅಲ್ಲಿ ಹೇಳಿದರಂತೆ?

ನನ್ನ ಚಿಕ್ಕಪ್ಪ ಇದನ್ನು ವಾಟ್ಸ್ಆ್ಯಪಿನಲ್ಲಿ ಓದಿ, ಫೋನ್ ಮಾಡಿ, "ನಿನ್ನನ್ನು ಕಳಿಸಿದ್ದು ಇದಕ್ಕೇನೋ?" ಎಂದು ಗದರಿಸಿದರು. ಹಾಗಾಗಿ ಬಿಡಿಸಿ ಹೇಳುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ ವಸ್ತುಗಳನ್ನು ಗುಂಪುಗಳಲ್ಲಿ ಇಡುತ್ತದೆ. 1991ರಲ್ಲಿ ಅದು ಕಾಫಿಯನ್ನು ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಗುಂಪಿಗೆ ಸೇರಿಸಿತ್ತು, ಮೂತ್ರಕೋಶದ ಕ್ಯಾನ್ಸರಿನ ಗುಮಾನಿಯಿಂದ. 2016ರಲ್ಲಿ ಮತ್ತೆ ಎಲ್ಲ ಪುರಾವೆಗಳನ್ನು ತಿರುವಿ ಹಾಕಿ, ಕಾಫಿಯನ್ನು ಆ ಗುಂಪಿನಿಂದ ಹೊರಗೆ ತೆಗೆಯಿತು. ಅದೇ ಸಲ 65 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾದ ಯಾವುದೇ ಪಾನೀಯ ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಎಂದಿತು. ಅಂದರೆ ತಪ್ಪು ಕಾಫಿಯದಲ್ಲ, ಒಲೆಯಿಂದ ಇಳಿಸಿದ ತಕ್ಷಣ ಸುರ್ರೆಂದು ಹೀರುವ ನಮ್ಮ ಅವಸರದ್ದು.

ಇಲ್ಲೊಂದು ತಿಳಿಯಬೇಕಾದ ವಿಷಯವಿದೆ. ಆ ಗುಂಪುಗಳು ವಸ್ತುವಿಗೆ ಕೆಡುಕು ಮಾಡುವ ಗುಣ ಇದೆಯೇ ಎಂಬುದನ್ನು ಮಾತ್ರ ಹೇಳುತ್ತವೆ. ನಿಮಗೆ ಎಷ್ಟು ಕೆಡುಕಾದೀತು ಎಂಬುದನ್ನಲ್ಲ. ಕಾಡಿನಲ್ಲಿ ಆನೆ ಇದೆ ಎಂಬುದು ಒಂದು ಮಾತು. ರಾತ್ರಿ ಹತ್ತು ಗಂಟೆಗೆ ಒಬ್ಬರೇ ಟಾರ್ಚಿಲ್ಲದೆ ತೋಟದ ದಾರಿಯಲ್ಲಿ ನಡೆಯುತ್ತಿದ್ದೀರಿ ಎಂಬುದು ಇನ್ನೊಂದು. ಸಕಲೇಶಪುರ–ಆಲೂರಿನವರಿಗೆ ಇದಕ್ಕಿಂತ ಹೆಚ್ಚು ವಿವರಿಸುವ ಅಗತ್ಯವಿಲ್ಲ.

ಹಾಸನದಲ್ಲಿ ಅಷ್ಟೊಂದು ಹೃದಯಾಘಾತ ಆದವಲ್ಲ, ಅದಕ್ಕೆ ಗಾಳಿ–ನೀರು ಕಾರಣವೇ?

2025ರ ಮೇ–ಜೂನ್‌ನಲ್ಲಿ ಸುಮಾರು ನಲವತ್ತು ದಿನಗಳಲ್ಲಿ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹಠಾತ್ತನೆ ತೀರಿಕೊಂಡ ಸುದ್ದಿ ಬಂದಾಗ ಊರೇ ನಡುಗಿತು. ನನ್ನ ತರಗತಿಯ ಹುಡುಗರೇ ಇಸಿಜಿ ಮಾಡಿಸಿಕೊಂಡು ಬಂದರು. ಮೈಸೂರು, ಬೆಂಗಳೂರಿನ ಹೃದ್ರೋಗ ಆಸ್ಪತ್ರೆಗಳ ಮುಂದೆ ಸರತಿ ಸಾಲು ಬೆಳೆಯಿತು. ನೀರು ಎಂದರು, ಗಾಳಿ ಎಂದರು, ಕೋವಿಡ್ ಲಸಿಕೆ ಎಂದರು. ಲಸಿಕೆಯ ವಿಷಯಕ್ಕೆ ಉತ್ತರ ಮೊದಲೇ ಇತ್ತು: ವಿವರಣೆ ಸಿಗದ ಹಠಾತ್ ಸಾವಿನ ಅಪಾಯವನ್ನು ಲಸಿಕೆ ಹೆಚ್ಚಿಸಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನ 2023ರಲ್ಲೇ ಹೇಳಿತ್ತು.

ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಸಾವುಗಳು ಅಸಹಜವಾಗಿ ಏರಿಲ್ಲ ಎಂದು ಸಮಿತಿ ವರದಿ ಕೊಟ್ಟಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನದಂಥ ಹಳೆಯ ಕಾರಣಗಳೇ ಎದ್ದು ಕಂಡವು. ಕೆಲವರಿಗೆ ಇದು ಸಮಾಧಾನ ತಂದಿತು, ಕೆಲವರಿಗೆ ಮುಚ್ಚಿಹಾಕಿದ ಹಾಗೆ ಕಂಡಿತು.

ನನ್ನ ಅಭಿಪ್ರಾಯ ಕೇಳಿದರೆ, ಗೋಜಲಿನ ಮೂಲ ಬೇರೆ ಕಡೆ ಇದೆ. "ಹೆಚ್ಚಾಗಿದೆ" ಎನ್ನಬೇಕಾದರೆ ಮೊದಲು ಎಷ್ಟಿತ್ತು ಎಂಬ ಲೆಕ್ಕ ಬೇಕು. ಹಳ್ಳಿಯಲ್ಲಿ ಐವತ್ತರ ಗಂಡಸು ಬೆಳಗಿನ ಜಾವ ತೀರಿಕೊಂಡರೆ "ಎದೆನೋವಂತೆ" ಎಂದು ಮಾತಾಡಿ ಮಣ್ಣು ಮಾಡುತ್ತೇವೆ. ಯಾವ ಕಾಗದದಲ್ಲೂ ಕಾರಣ ನಿಲ್ಲುವುದಿಲ್ಲ. ಆಸ್ಪತ್ರೆಯ ಹೊರಗೆ ಆಗುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕು, ಮರಣೋತ್ತರ ಪರೀಕ್ಷೆ ಮಾಡಿಸಬೇಕು ಎಂದು ಸರ್ಕಾರ ಆಮೇಲೆ ಪ್ರಕಟಿಸಿತು. ಇಡೀ ಗಲಾಟೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ ಎನಿಸಿದ್ದು ಅದು. ಪತ್ರಿಕೆಗಳ ಒಳಪುಟಕ್ಕೆ ಹೋಗಿಬಿಟ್ಟಿತು.

ಮಲೆನಾಡಿನ ಗಾಳಿ ಶುದ್ಧ. ವಾಯುಮಾಲಿನ್ಯ ದೆಹಲಿಯವರ ತಲೆನೋವಲ್ಲವೇ?

ಹೊರಗಿನ ಗಾಳಿಗೆ ಈ ಮಾತು ಬಹುಮಟ್ಟಿಗೆ ಸರಿ. ಬಚ್ಚಲುಮನೆಗೆ ಅಲ್ಲ. ಗ್ಯಾಸ್ ಬಂದು ಅಡುಗೆ ಒಲೆ ತಣ್ಣಗಾದರೂ ಹಂಡೆಯ ಒಲೆ ಆರಿಲ್ಲ. ಜುಲೈ ತಿಂಗಳಲ್ಲಿ ಒದ್ದೆ ಸಿಲ್ವರ್ ಓಕ್ ಸೌದೆ, ಮುಚ್ಚಿದ ಬಾಗಿಲು, ಊದುಕೊಳವೆ ಹಿಡಿದ ಅಜ್ಜಿ, ಅಜ್ಜಿಯ ಬೆನ್ನಿಗೆ ಅಂಟಿಕೊಂಡ ಮೊಮ್ಮಗು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಅಂದಾಜು 32 ಲಕ್ಷ ಜನ ಸತ್ತರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿಗಿಂತ ಸಣ್ಣದಾದ ಕಣಗಳು, ಅಂದರೆ ಪಿಎಂ 2.5, ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದು ಎಂಬುದು 2021ರ ಅದರ ಸೂಚನೆ. ಭಾರತದ ಮಿತಿ 40. ಈ ಎರಡು ಅಂಕಿಗಳ ನಡುವಿನ ಅಂತರವನ್ನು ವಿದ್ಯಾರ್ಥಿಗಳಿಗೆ ವಿವರಿಸುವುದು ನನ್ನ ಕೆಲಸದ ಕಷ್ಟದ ಭಾಗ.

ಅರಸೀಕೆರೆ ಕಡೆಯ ನೀರಿನ ಬಗ್ಗೆ?

ಬಯಲುಸೀಮೆಯ ಆಳದ ಕೊಳವೆಬಾವಿಗಳಲ್ಲಿ ಕಲ್ಲಿನಿಂದ ಕರಗಿ ಬರುವ ಫ್ಲೋರೈಡ್ ಸಮಸ್ಯೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಮೀರಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ, ವರ್ಷಗಳಾದ ಮೇಲೆ ಬಗ್ಗದ ಬೆನ್ನು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಮಂಗನ ಕಾಯಿಲೆ ಪರಿಸರದ ವಿಷಯ ಹೇಗಾಗುತ್ತದೆ? ಅದು ವೈರಸ್ ಅಲ್ಲವೇ?

ವೈರಸ್ಸೇ. ಆದರೆ ಅದನ್ನು ಹೊತ್ತು ತರುವ ಉಣುಗು ಕಾಡಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಕಾಯಿಲೆ ಈಗ ನಮ್ಮ ನೆರೆಯ ಚಿಕ್ಕಮಗಳೂರಿನ ತೋಟಗಳಲ್ಲೂ ಕಾಣಿಸಿಕೊಳ್ಳುತ್ತದೆ. ಡಿಸೆಂಬರಿನಿಂದ ಮೇವರೆಗೆ, ದರಗು ಗುಡಿಸಲು, ಸೌದೆಗೆ ಕಾಡಿಗೆ ಹೋಗುವ ಕಾಲದಲ್ಲೇ ಅದರ ಹಾವಳಿ. ಸೋಂಕು ತಗಲಿದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಹಳೆಯ ಲಸಿಕೆಯನ್ನು ನಿಲ್ಲಿಸಿದ ಮೇಲೆ ಕೈಗೆ ಹಚ್ಚುವ ಎಣ್ಣೆ ಮತ್ತು ಎಚ್ಚರ, ಇವೆರಡೇ ಉಳಿದವು. ಸತ್ತ ಮಂಗ ಕಂಡರೆ ಮುಟ್ಟದೆ, ಹೂಳದೆ, ಆರೋಗ್ಯ ಇಲಾಖೆಗೆ ತಿಳಿಸಿ. ಮಂಗನ ಸಾವಿನ ಲೆಕ್ಕ ಇಟ್ಟಿದ್ದರಿಂದಲೇ ಈ ರೋಗ ಬೇಗ ಸಿಕ್ಕಿಬಿತ್ತು. ತೋಟದ ಆಳಿಗೆ ಆ ಭಾಗ್ಯವೂ ಇಲ್ಲ ಎಂದರೆ ಕಹಿಯಾದೀತು, ಆದರೂ ಬರೆದಿದ್ದೇನೆ.

ಇಷ್ಟೆಲ್ಲ ಮಾತಾಡಿ ಏನಾದರೂ ಬದಲಾಗಿದೆಯೇ?

ಆಗಿದೆ, ಆಮೆಯ ವೇಗದಲ್ಲಿ. ಅರೇಬಿಕಾ ಕಾಫಿ ಬೆಳೆಯುವವರಿಗೆ ಲಿಂಡೇನ್ ಎಂಬ ಕೀಟನಾಶಕ ನೆನಪಿರಬೇಕು. ಬಿಳಿ ಕಾಂಡಕೊರಕ ಹುಳಕ್ಕೆಂದು ಗಿಡದ ಬೊಡ್ಡೆಗೆ ಬಳಿಯುತ್ತಿದ್ದೆವು. ಜಗತ್ತಿನಲ್ಲಿ ನಿಲ್ಲಿಸಬೇಕಾದ ವಿಷಗಳನ್ನು ಹೆಸರಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು 2009ರಲ್ಲಿ ಸೇರಿತು. 2011ರಲ್ಲಿ ಎಂಡೋಸಲ್ಫಾನ್ ಸೇರಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಸುಪ್ರೀಂ ಕೋರ್ಟೂ ತಡೆ ಹಾಕಿತು. ಕಾಸರಗೋಡು, ದಕ್ಷಿಣ ಕನ್ನಡದ ಗೇರು ತೋಟಗಳ ಸುತ್ತಲಿನ ಮನೆಗಳಿಗೆ ಅದು ತಡವಾಗಿ ಬಂದ ನ್ಯಾಯ. ಲಿಂಡೇನ್ ಬದಲಿಗೆ ಬಂದ ಕ್ಲೋರ್‌ಪೈರಿಫಾಸ್ ಕೂಡ 2025ರಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಅದೇ ಪಟ್ಟಿ ಸೇರಿದೆ. ಸೀಸ ಬೆರೆಸಿದ ಪೆಟ್ರೋಲ್ ಭಾರತದಲ್ಲಿ 2000ದಲ್ಲಿ ನಿಂತಿತು, ಜಗತ್ತಿನಲ್ಲಿ ಎಲ್ಲರಿಗಿಂತ ಕೊನೆಗೆ ಅಲ್ಜೀರಿಯಾದ ಬಂಕ್‌ಗಳು 2021ರಲ್ಲಿ ಅದರ ಮಾರಾಟ ನಿಲ್ಲಿಸಿದವು.

ಆಗದಿರುವುದೂ ಇದೆ. ಬಿಳಿ ಕಲ್ನಾರನ್ನು (ಆಸ್‌ಬೆಸ್ಟಾಸ್) ಅಪಾಯಕಾರಿ ರಾಸಾಯನಿಕಗಳ ವ್ಯಾಪಾರದ ಕುರಿತ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಸೇರಿಸುವ ಪ್ರಸ್ತಾವ ಸಭೆಯಿಂದ ಸಭೆಗೆ ಬಿದ್ದುಹೋಗುತ್ತಲೇ ಇದೆ, ಎಲ್ಲ ದೇಶಗಳೂ ಒಪ್ಪಬೇಕು ಎಂಬ ನಿಯಮದಿಂದ. ತೋಟದ ಆಳುಗಳ ಲೈನ್ ಮನೆಗಳ ಹಳೆಯ ಶೀಟುಗಳನ್ನು ಒಡೆಯುವಾಗ, ಕೊರೆಯುವಾಗ ಏಳುವ ಧೂಳು ಅದೇ. ಒಡೆಯಲೇಬೇಕಾದರೆ ನೀರು ಚಿಮುಕಿಸಿ, ಇಡಿಯಾಗಿ ಇಳಿಸಿ.

ನಮ್ಮಂಥವರು ಹೋಗಬಹುದೇ? ಖರ್ಚು?

ಹೋಗಬಹುದು. ಸಮ್ಮೇಳನಕ್ಕೆ ಏಳೆಂಟು ತಿಂಗಳು ಮೊದಲೇ ಒಂದು ಪುಟದೊಳಗಿನ ಸಾರಾಂಶ ಕಳಿಸಬೇಕು. ಒಪ್ಪಿಗೆಯಾದರೆ ಭಾಷಣ ಅಥವಾ ಪೋಸ್ಟರ್. ನಮ್ಮಂಥ ದೇಶದವರಿಗೆ, ವಿದ್ಯಾರ್ಥಿಗಳಿಗೆ ಶುಲ್ಕದಲ್ಲಿ ರಿಯಾಯಿತಿ ಇರುವುದುಂಟು, ಕೇಳಲು ನಾಚಬೇಡಿ. ಇಂಗ್ಲಿಷ್ ತಡವರಿಸಿದರೆ ಪರವಾಗಿಲ್ಲ. ಅಲ್ಲಿ ಅರ್ಧ ಜನ ತಡವರಿಸುತ್ತಿದ್ದರು, ಉಳಿದವರು ಕಾಯುತ್ತಿದ್ದರು.

ಒಂದು ಎಚ್ಚರಿಕೆ. "ಮಾನ್ಯರೇ, ತಮ್ಮ ಅಮೋಘ ಸಂಶೋಧನೆಯನ್ನು ಮೆಚ್ಚಿ" ಎಂದು ಶುರುವಾಗುವ ಇಮೇಲ್ ಬಂದರೆ ಕಸದ ಬುಟ್ಟಿಗೆ ಹಾಕಿ. ನನ್ನ ಸಹೋದ್ಯೋಗಿಯೊಬ್ಬರು ಹಣ ಕಟ್ಟಿ, ಹೋಟೆಲಿನ ಸಣ್ಣ ಕೋಣೆಯಲ್ಲಿ ದಂತವೈದ್ಯರು ಮತ್ತು ಸಿಮೆಂಟ್ ಎಂಜಿನಿಯರುಗಳ ಎದುರು ಜಲಮಾಲಿನ್ಯದ ಭಾಷಣ ಮಾಡಿ ಬಂದರು. ಪ್ರಮಾಣಪತ್ರ ಮಾತ್ರ ಬಂಗಾರದ ಅಂಚಿನದು. ಇಂಥ ವ್ಯವಹಾರಕ್ಕೆ ಹೈದರಾಬಾದ್ ಮೂಲದ ಪ್ರಕಾಶನ ಸಂಸ್ಥೆಯೊಂದಕ್ಕೆ ಅಮೆರಿಕದ ನ್ಯಾಯಾಲಯ 2019ರಲ್ಲಿ 5 ಕೋಟಿ ಡಾಲರಿಗೂ ಹೆಚ್ಚು ತೆರಬೇಕೆಂದು ಆದೇಶಿಸಿತ್ತು.

ಆ ಸಿಂಪಡಣೆ ಪುಟದ ನಮೂನೆ ಕೊಡುತ್ತೀರಾ?

ಕೊಡುವುದೇನಿದೆ, ಗೆರೆ ಹಾಕಿಕೊಂಡರೆ ಆಯಿತು: ದಿನಾಂಕ, ಹೊಡೆದವರ ಹೆಸರು, ಔಷಧಿ, ಎಷ್ಟು ಡ್ರಮ್, ಎಷ್ಟು ಗಂಟೆ, ಮಾಸ್ಕ್ ಇತ್ತೇ, ಸಂಜೆಗೆ ಹೇಗಿದ್ದರು. ಕೊನೆಯ ಕಲಮನ್ನು ಆಳಿನ ಬಾಯಿಂದಲೇ ಕೇಳಿ ಬರೆಯಬೇಕು, ಊಹಿಸಿ ಅಲ್ಲ. ಹೆಸರಿರುವ ಪುಟವನ್ನು ಹೊರಗಿನವರಿಗೆ ತೋರಿಸಬಾರದು.

ನಮ್ಮ ಹಳೆಯ ತೋಟದ ಈಗಿನ ರೈಟರ್‌ಗೆ ಒಂದು ಪುಸ್ತಕ ಕೊಟ್ಟು ಬಂದಿದ್ದೆ. ತಿಂಗಳಾದ ಮೇಲೆ ನೋಡಲು ಹೋದೆ. ಅಂದವಾದ ಅಕ್ಷರ, ಮೊದಲ ನಾಲ್ಕು ದಿನ ಎಲ್ಲ ಕಲಮೂ ಭರ್ತಿ. ಒಬ್ಬನ ಹೆಸರಿನ ಮುಂದೆ "ಕಣ್ಣು ಉರಿ, ರಾತ್ರಿ ಕೆಮ್ಮು" ಎಂದಿತ್ತು. ಐದನೆಯ ದಿನ ಪುಟದ ಉದ್ದಕ್ಕೂ ಒಂದೇ ಸಾಲು: "ಹೊಡೆಯಲಿಲ್ಲ. ಮಳೆ, 1 ಇಂಚು 15 ಸೆಂಟ್ಸ್."